ಜಾಥಾ ಮುಗಿದ ಮರುದಿನ

ಜೂನ್ 26 ಬಂತೆಂದರೆ ದೇಶದ ಯಾವ ಊರಿಗೆ ಹೋದರೂ ಒಂದೇ ದೃಶ್ಯ. ಮಾದಕ ವಸ್ತುಗಳ ವಿರುದ್ಧದ ದಿನವೆಂದು ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ ಆ ತಾರೀಖಿನಂದು ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಸಮವಸ್ತ್ರದಲ್ಲಿ ಎರಡು ಸಾಲಾಗಿ ರಸ್ತೆಗಿಳಿಯುತ್ತಾರೆ. ಕೈಯಲ್ಲಿ ಫಲಕ, ಮುಂದೆ ಬ್ಯಾನರ್, ಬ್ಯಾನರಿನ ಹಿಂದೆ ಪೊಲೀಸ್ ಅಧಿಕಾರಿ, ಶಿಕ್ಷಣಾಧಿಕಾರಿ, ಊರಿನ ನಾಲ್ಕು ಗಣ್ಯರು. ವೃತ್ತದಲ್ಲಿ ಪ್ರತಿಜ್ಞೆ, ಫೋಟೋ, ಮಕ್ಕಳಿಗೆ ಬಿಸ್ಕತ್ತು. ಮರುದಿನದ ಪತ್ರಿಕೆಯ ಒಳಪುಟದಲ್ಲಿ ಮೂರು ಕಾಲಂ ಚಿತ್ರ.

ಆ ಮರುದಿನ ಊರಿನಲ್ಲಿ ಇನ್ನೇನು ನಡೆಯಿತು ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ. ಬಹುಪಾಲು ಕಡೆ ಏನೂ ನಡೆದಿರುವುದಿಲ್ಲ. ಫಲಕಗಳು ಡ್ರಿಲ್ ಮಾಸ್ತರರ ಕೋಣೆ ಸೇರಿರುತ್ತವೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾನೂನು ಹೇಳುತ್ತದೆ. ಅದನ್ನು ಬರೆದ ಬೋರ್ಡಿನ ನೆರಳಿನಲ್ಲೇ ಗೂಡಂಗಡಿ ಎಂದಿನ ಹೊತ್ತಿಗೆ ಬಾಗಿಲು ತೆರೆದಿರುತ್ತದೆ.

ಕಾಕತಾಳೀಯವೆನ್ನಬೇಕು, ಅಮೆರಿಕದಲ್ಲಿ ಈ ವಿಷಯದ ಮುಖ್ಯವಾದ ಕಾನೂನೊಂದಕ್ಕೆ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ್ದು 1997ರ ಜೂನ್ 27ರಂದು. ‘ಡ್ರಗ್ ಫ್ರೀ ಕಮ್ಯುನಿಟೀಸ್ ಆ್ಯಕ್ಟ್’ ಎಂಬ ಈ ಕಾನೂನು ಹೊಸದಾಗಿ ಯಾವುದನ್ನೂ ನಿಷೇಧಿಸಲಿಲ್ಲ, ಯಾರಿಗೂ ಶಿಕ್ಷೆ ಹೆಚ್ಚಿಸಲಿಲ್ಲ. ಮಕ್ಕಳು ಮದ್ಯ, ತಂಬಾಕು, ಗಾಂಜಾ, ಮಾತ್ರೆಗಳ ಕಡೆ ಹೋಗದಂತೆ ನೋಡಿಕೊಳ್ಳಲು ಊರಿನವರೇ ಕಟ್ಟಿಕೊಂಡ ಒಕ್ಕೂಟಗಳಿಗೆ ಕೇಂದ್ರ ಸರ್ಕಾರ ನೇರವಾಗಿ ಹಣ ಕೊಡಬೇಕೆಂದು ಹೇಳಿತು, ಅಷ್ಟೇ. ಭಾರತ ಈ ಕಾನೂನಿನಿಂದ ಕಲಿಯಬೇಕಾದದ್ದೊಂದಿದೆ, ಅದರ ತಪ್ಪುಗಳಿಂದ ಕಲಿಯಬೇಕಾದದ್ದೂ ಇದೆ.

ಕಾನೂನಿನ ಹಿಂದೆ ಒಬ್ಬ ತಾಯಿಯ ಕಥೆಯಿದೆ. ಓಹಾಯೊ ರಾಜ್ಯದ ಸಿನ್ಸಿನಾಟಿಯ ಸಂಸದರಾಗಿದ್ದ ರಾಬ್ ಪೋರ್ಟ್‌ಮನ್ ಅದನ್ನು ಸಾರ್ವಜನಿಕವಾಗಿ ಹಲವು ಬಾರಿ ಹೇಳಿಕೊಂಡಿದ್ದಾರೆ. ಹದಿನಾರರ ಮಗನನ್ನು ಕಳೆದುಕೊಂಡ ಹೆಂಗಸೊಬ್ಬರು 1990ರ ದಶಕದ ನಡುವೆ ಅವರ ಕಚೇರಿಗೆ ಬಂದರು. ಹುಡುಗ ಗಾಂಜಾ ಸೇದಿ, ಜೊತೆಗೆ ಪೆಟ್ರೋಲಿನ ಆವಿ ಎಳೆದು ಸತ್ತಿದ್ದ. ಮಾದಕ ವಸ್ತುಗಳ ವಿರುದ್ಧ ಕೇಂದ್ರ ಸರ್ಕಾರ ಎಷ್ಟೆಷ್ಟು ಕೋಟಿ ಡಾಲರ್ ಖರ್ಚು ಮಾಡುತ್ತಿದೆ ಎಂದು ಸಂಸದರು ಲೆಕ್ಕ ಒಪ್ಪಿಸಿದರು. ಅದರಲ್ಲಿ ತನ್ನ ಬೀದಿಗೆ, ತನ್ನ ಮಗನ ಶಾಲೆಗೆ ಬಂದದ್ದೇನು ಎಂದು ಆಕೆ ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಮುಂದೆ ಪೋರ್ಟ್‌ಮನ್ ಸಿನ್ಸಿನಾಟಿಯಲ್ಲಿ ಒಂದು ಒಕ್ಕೂಟ ಕಟ್ಟಿದರು. ಬಳಿಕ ಅದೇ ಮಾದರಿಯನ್ನು ದೇಶಕ್ಕೆಲ್ಲ ಹರಡುವ ಮಸೂದೆಯನ್ನು ಮಂಡಿಸಿದರು. ರಾಜಕಾರಣಿಗಳ ಇಂಥ ಕಥೆಗಳನ್ನು ತುಸು ಉಪ್ಪು ಖಾರ ಕಳೆದು ಕೇಳಬೇಕೆಂಬುದು ನಿಜ. ಆದರೆ ಆ ತಾಯಿಯ ಪ್ರಶ್ನೆ ದಿಟವಾದದ್ದು. ದೆಹಲಿಯಲ್ಲಿ ಮಂಜೂರಾಗುವ ಹಣಕ್ಕೂ ಅದನ್ನೇ ಕೇಳಬಹುದು.

ಈ ಅನುದಾನದ ನಿಯಮಗಳನ್ನು ಬಿಡಿಸಿ ನೋಡಿದರೆ ಒಳಗಿನ ಯೋಚನೆ ಗೊತ್ತಾಗುತ್ತದೆ. ಒಂದು ಒಕ್ಕೂಟಕ್ಕೆ ವರ್ಷಕ್ಕೆ ಹೆಚ್ಚೆಂದರೆ 1,25,000 ಡಾಲರ್, ಅಂದರೆ ಒಂದು ಕೋಟಿ ರೂಪಾಯಿಗೆ ತುಸು ಮೇಲೆ. ಅಮೆರಿಕದ ಲೆಕ್ಕದಲ್ಲಿ ಇದು ಸಣ್ಣ ಮೊತ್ತ. ಪೂರ್ಣಾವಧಿಯ ಒಬ್ಬ ಸಂಯೋಜಕ, ಅರೆಕಾಲಿಕ ಸಹಾಯಕ, ತರಬೇತಿ, ಸಮೀಕ್ಷೆ, ಇಷ್ಟಕ್ಕೆ ಖರ್ಚಾಗಿಹೋಗುತ್ತದೆ. ಆದರೆ ಕೊಡುವ ಅವಧಿ ಐದು ವರ್ಷ. ಇನ್ನೊಮ್ಮೆ ಅರ್ಜಿ ಹಾಕಿ ಗೆದ್ದರೆ ಮತ್ತೆ ಐದು. ಹತ್ತು ವರ್ಷವೆಂದರೆ ಒಂದನೇ ತರಗತಿಗೆ ಸೇರಿದ ಮಗು ಹತ್ತನೇ ತರಗತಿ ಮುಗಿಸುವಷ್ಟು ಕಾಲ. ಇನ್ನು ಅರ್ಜಿ ಹಾಕುವ ಹೊತ್ತಿಗೆ ಒಕ್ಕೂಟ ಹುಟ್ಟಿ ಕನಿಷ್ಠ ಆರು ತಿಂಗಳಾದರೂ ಆಗಿರಬೇಕು. ಹಣ ಬರುತ್ತದೆಂದು ರಾತ್ರೋರಾತ್ರಿ ಲೆಟರ್‌ಹೆಡ್ ಅಚ್ಚುಹಾಕಿಸಿದವರಿಗೆ ಬಾಗಿಲು ಮುಚ್ಚಿದೆ.

ಎರಡನೆಯ ನಿಯಮ ಇನ್ನೂ ಸ್ವಾರಸ್ಯದ್ದು. ಒಕ್ಕೂಟದಲ್ಲಿ ಹನ್ನೆರಡು ವಲಯಗಳ ಪ್ರತಿನಿಧಿಗಳು ಇರಲೇಬೇಕು: ಹದಿನೆಂಟರೊಳಗಿನ ಮಕ್ಕಳು, ಪಾಲಕರು, ವ್ಯಾಪಾರಿಗಳು, ಮಾಧ್ಯಮ, ಶಾಲೆ, ಯುವಜನರ ನಡುವೆ ಕೆಲಸ ಮಾಡುವ ಸಂಸ್ಥೆ, ಪೊಲೀಸ್, ಧಾರ್ಮಿಕ ಸಂಸ್ಥೆ, ಸ್ವಯಂಸೇವಾ ಸಂಘ, ವೈದ್ಯರು, ಸ್ಥಳೀಯ ಸರ್ಕಾರ, ವ್ಯಸನದ ಕ್ಷೇತ್ರದ ಇನ್ನೊಂದು ಸಂಸ್ಥೆ. ಒಬ್ಬ ವ್ಯಕ್ತಿ ಒಂದೇ ವಲಯವನ್ನು ಪ್ರತಿನಿಧಿಸಬಹುದು. ಊರಿನ ಡಾಕ್ಟರೇ ರೋಟರಿ ಅಧ್ಯಕ್ಷರೂ ಪಾಲಕರ ಸಂಘದ ಕಾರ್ಯದರ್ಶಿಯೂ ಆಗಿ ಮೂರು ಕುರ್ಚಿ ಹಿಡಿಯುವಂತಿಲ್ಲ. ಸಂಘಸಂಸ್ಥೆಗಳಲ್ಲಿ ದುಡಿದವರಿಗೆ ಈ ನಿಯಮದ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ. ಪೊಲೀಸರು ಹನ್ನೆರಡರಲ್ಲಿ ಒಬ್ಬರು ಎಂಬುದನ್ನೂ ಗಮನಿಸಬೇಕು.

ಮೂರನೆಯದು ಸಮಪಾಲು. ಸರ್ಕಾರ ಒಂದು ಡಾಲರ್ ಕೊಟ್ಟರೆ ಊರು ಒಂದು ಡಾಲರ್ ಹಾಕಬೇಕು. ನಗದೇ ಆಗಬೇಕಿಲ್ಲ, ಚರ್ಚಿನವರು ಬಿಟ್ಟುಕೊಟ್ಟ ಸಭಾಂಗಣ, ವೈದ್ಯರು ಕೊಟ್ಟ ಗಂಟೆಗಳು, ಪತ್ರಿಕೆ ಕೊಟ್ಟ ಜಾಗ ಎಲ್ಲಕ್ಕೂ ಬೆಲೆ ಕಟ್ಟಬಹುದು. ಏಳನೇ ವರ್ಷದಿಂದ ಊರಿನ ಪಾಲು ಶೇ 125, ಒಂಬತ್ತನೇ ವರ್ಷದಿಂದ ಶೇ 150. ಸರ್ಕಾರ ಮೆಲ್ಲಗೆ ಕೈಬಿಡುತ್ತಾ ಹೋಗುತ್ತದೆ, ಊರು ತನ್ನ ಕಾಲ ಮೇಲೆ ನಿಲ್ಲಬೇಕು.

ನಾಲ್ಕನೆಯದು ಲೆಕ್ಕ. ಎರಡು ವರ್ಷಕ್ಕೊಮ್ಮೆ ಶಾಲಾ ಮಕ್ಕಳನ್ನು ಹೆಸರು ಬರೆಸಿಕೊಳ್ಳದೆ ಕೇಳಬೇಕು: ಕಳೆದ ಮೂವತ್ತು ದಿನಗಳಲ್ಲಿ ಬಳಸಿದ್ದೀಯಾ? ಇದರಿಂದ ಅಪಾಯವಿದೆ ಎಂದು ಅನಿಸುತ್ತದೆಯೇ? ಅಪ್ಪ ಅಮ್ಮ ಇದನ್ನು ತಪ್ಪು ಅನ್ನುತ್ತಾರೆಯೇ? ಗೆಳೆಯರು ತಪ್ಪು ಅನ್ನುತ್ತಾರೆಯೇ? ನಾಲ್ಕು ಅಳತೆ. ಎಷ್ಟು ಕಾರ್ಯಕ್ರಮ ಮಾಡಿದಿರಿ, ಎಷ್ಟು ಕರಪತ್ರ ಹಂಚಿದಿರಿ ಎಂಬ ವಿವರ ವರದಿಯ ಒಳಗೆ ಎಲ್ಲೋ ಇರುತ್ತದೆ. ಕೊನೆಗೆ ನೋಡುವುದು ಮಕ್ಕಳ ಉತ್ತರವನ್ನು.

ಇಷ್ಟು ಕಟ್ಟುನಿಟ್ಟಿನಿಂದ ಆಗುವ ಪ್ರಯೋಜನ ಸಣ್ಣ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಹದಿಹರೆಯದವರಿಗೆ ಮದ್ಯ ಎಲ್ಲಿಂದ ಸಿಗುತ್ತದೆ ಎಂದು ಕೇಳಿದಾಗ ಅನೇಕ ಅಮೆರಿಕನ್ ಊರುಗಳಲ್ಲಿ ಹೊರಬಿದ್ದ ಉತ್ತರ ದೊಡ್ಡವರ ಮುಖ ಕೆಂಪಾಗಿಸುವಂಥದು: ಅಂಗಡಿಯಿಂದಲ್ಲ, ಮನೆಯ ಕಪಾಟಿನಿಂದ, ಅಥವಾ ಗೆಳೆಯನ ಮನೆಯ ಪಾರ್ಟಿಯಲ್ಲಿ, ಆ ಮನೆಯ ಹಿರಿಯರಿಗೆ ಗೊತ್ತಿದ್ದೇ. ಹಾಗೆಂದ ಮೇಲೆ ಬೀದಿಯಲ್ಲಿ ಪೊಲೀಸ್ ಗಸ್ತು ಹೆಚ್ಚಿಸಿ ಏನು ಫಲ? ಅಂಥ ಪಾರ್ಟಿಗೆ ಮನೆಯ ಯಜಮಾನನನ್ನೇ ಹೊಣೆಮಾಡುವ ಸ್ಥಳೀಯ ಕಾನೂನನ್ನು ಒಕ್ಕೂಟಗಳು ಕೇಳಿ ಮಾಡಿಸಿಕೊಂಡವು. ನೋವಿನ ಮಾತ್ರೆಗಳು ಬಚ್ಚಲುಮನೆಯ ಔಷಧಿ ಕಪಾಟಿನಿಂದ ಹೋಗುತ್ತಿವೆ ಎಂದು ತಿಳಿದಲ್ಲಿ, ಉಳಿದ ಮಾತ್ರೆಗಳನ್ನು ತಂದು ಹಾಕುವ ಬೀಗದ ಪೆಟ್ಟಿಗೆ ಪೊಲೀಸ್ ಠಾಣೆಯಲ್ಲೋ ಔಷಧಿ ಅಂಗಡಿಯಲ್ಲೋ ಬಂತು. ಇವು ಸುದ್ದಿಯಾಗುವ ಕೆಲಸಗಳಲ್ಲ. ಊರಿನ ಬೀಗ ಯಾವುದು, ಕೀಲಿ ಯಾರ ಕೈಯಲ್ಲಿದೆ ಎಂದು ಹುಡುಕುವ ಕೆಲಸಗಳು.

ಅಮೆರಿಕ ಈ ದಾರಿಗೆ ಬಂದದ್ದು ಬೇರೆ ದಾರಿಗಳಲ್ಲಿ ಕಾಲು ಸುಟ್ಟುಕೊಂಡು. ಬಂದ ಮೇಲೂ ಸುಡುತ್ತಲೇ ಇತ್ತು. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು, ಮಕ್ಕಳಿಗೆ ಟೀ ಶರ್ಟು, ಪ್ರಮಾಣಪತ್ರ. ಶಾಲೆಗಳಿಗೆ ಇಷ್ಟ, ಪಾಲಕರಿಗೆ ಇಷ್ಟ, ಪೊಲೀಸರಿಗೂ ಇಷ್ಟ. ಒಂದರ ಮೇಲೊಂದು ಅಧ್ಯಯನ ಬಂದು, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದಿನ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದ ಮೇಲೂ ಆ ಪಾಠ ವರ್ಷಗಟ್ಟಲೆ ನಡೆಯಿತು. ಟಿ.ವಿ. ಜಾಹೀರಾತಿನ ದೊಡ್ಡ ಅಭಿಯಾನದ ಕಥೆಯೂ ಅಷ್ಟೆ. 1998ರಿಂದ 2004ರವರೆಗೆ 120 ಕೋಟಿ ಡಾಲರಿಗೂ ಹೆಚ್ಚು ಹಣ ಅದಕ್ಕೆ ಹೋಯಿತು. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ 2006ರಲ್ಲಿ, ಇದರಿಂದ ಮಕ್ಕಳ ಬಳಕೆ ಕಡಿಮೆಯಾದದ್ದಕ್ಕೆ ಪುರಾವೆಯಿಲ್ಲ ಎಂದು ಸಂಸತ್ತಿಗೆ ಹೇಳಿತು. ‘ಕೆಟ್ಟದ್ದು’ ಎಂದು ಗೊತ್ತಿಲ್ಲದ್ದರಿಂದ ಮಕ್ಕಳು ದಾರಿ ತಪ್ಪುತ್ತಾರೆ ಎಂಬ ನಂಬಿಕೆಯ ಮೇಲೆ ಈ ಎರಡೂ ನಿಂತಿದ್ದವು. ಸಿಗರೇಟು ಪೊಟ್ಟಣದ ಮೇಲಿನ ಚಿತ್ರ ನೋಡಿಯೂ ಸೇದುವ ದೊಡ್ಡವರನ್ನು ಕಂಡ ಯಾರಿಗೂ ಈ ನಂಬಿಕೆ ಎಷ್ಟು ತೆಳುವಾದದ್ದೆಂದು ತಿಳಿಯುತ್ತದೆ.

ಹಾಗಾದರೆ ಒಕ್ಕೂಟಗಳಿಂದ ಕೆಲಸ ಆಗುತ್ತದೆಯೇ? ಇಲ್ಲಿ ಜಾಗ್ರತೆಯಿಂದ ಮಾತಾಡಬೇಕು. ಅನುದಾನ ಪಡೆದ ಊರುಗಳಲ್ಲಿ ಬಳಕೆ ಇಳಿದಿದೆ ಎಂದು ಈ ಯೋಜನೆಯ ವರದಿಗಳು ಹೇಳುತ್ತವೆ. ಆದರೆ ಅದೇ ವರ್ಷಗಳಲ್ಲಿ ಇಡೀ ದೇಶದಲ್ಲೇ ಹದಿಹರೆಯದವರ ಕುಡಿತ, ಧೂಮಪಾನ ಇಳಿಯುತ್ತಿತ್ತು. ಹಣ ಪಡೆಯದ ಊರುಗಳೊಂದಿಗೆ ಸರಿಯಾಗಿ ಹೋಲಿಸದೆ ಇಳಿತದ ಪುಣ್ಯವನ್ನೆಲ್ಲ ಒಕ್ಕೂಟಗಳ ಖಾತೆಗೆ ಬರೆಯುವುದು ಸರಿಯಲ್ಲ.

ಗಟ್ಟಿ ಪುರಾವೆ ಸಿಗುವುದು ಇದರ ಸೋದರ ಪ್ರಯೋಗವೊಂದರಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಹಾಕಿನ್ಸ್ ಮತ್ತು ರಿಚರ್ಡ್ ಕ್ಯಾಟಲಾನೊ ರೂಪಿಸಿದ ‘ಕಮ್ಯುನಿಟೀಸ್ ದಟ್ ಕೇರ್’ ಎಂಬ ವಿಧಾನವನ್ನು 2003ರಿಂದ ಏಳು ರಾಜ್ಯಗಳ 24 ಸಣ್ಣ ಊರುಗಳಲ್ಲಿ ಪರೀಕ್ಷಿಸಲಾಯಿತು. ಚೀಟಿ ಎತ್ತಿದ ಹಾಗೆ ಅರ್ಧ ಊರುಗಳಿಗೆ ಒಕ್ಕೂಟ, ತರಬೇತಿ, ಹಣ, ಉಳಿದರ್ಧ ಎಂದಿನಂತೆ. ಐದನೇ ತರಗತಿಯಿಂದ 4,407 ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿದರು. ಎಂಟನೇ ತರಗತಿಯ ಹೊತ್ತಿಗೆ ಒಕ್ಕೂಟವಿದ್ದ ಊರುಗಳ ಮಕ್ಕಳು ಕುಡಿತ ಆರಂಭಿಸುವ ಸಾಧ್ಯತೆ ಶೇ 32ರಷ್ಟು, ಸಿಗರೇಟು ಆರಂಭಿಸುವ ಸಾಧ್ಯತೆ ಶೇ 33ರಷ್ಟು ಕಡಿಮೆಯಿತ್ತು. ಹನ್ನೆರಡನೇ ತರಗತಿಯಲ್ಲಿ ನೋಡಿದಾಗ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಎಂದೂ ಮುಟ್ಟದ ಮಕ್ಕಳ ಪ್ರಮಾಣ ಒಕ್ಕೂಟದ ಊರುಗಳಲ್ಲಿ ಹೆಚ್ಚೇ ಇತ್ತು, ಆದರೆ ಕಳೆದ ತಿಂಗಳ ಬಳಕೆಯನ್ನು ಮಾತ್ರ ನೋಡಿದರೆ ಎರಡೂ ಬಗೆಯ ಊರುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಒಕ್ಕೂಟ ಆರಂಭವನ್ನು ತಡೆಯುತ್ತದೆ, ಕೆಲವರಲ್ಲಿ ಮುಂದೂಡುತ್ತದೆ. ಹನ್ನೆರಡರ ವಯಸ್ಸಿನಲ್ಲಿ ಆಗಬೇಕಾದದ್ದು ಹದಿನೇಳಕ್ಕೆ ಹೋದರೂ ಅದು ಸಣ್ಣ ಲಾಭವಲ್ಲ. ಎಷ್ಟು ಬೇಗ ಆರಂಭವೋ ಮುಂದೆ ಚಟವಾಗಿ ಅಂಟಿಕೊಳ್ಳುವ ಸಂಭವ ಅಷ್ಟು ಹೆಚ್ಚೆಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ.

ಅಮೆರಿಕದ ಕಾನೂನಿನ ದೊಡ್ಡ ದೋಷ ಅದರ ಸಮಪಾಲಿನ ನಿಯಮದಲ್ಲೇ ಅಡಗಿದೆ. ಸಭಾಂಗಣವಿರುವ ಚರ್ಚು, ಬಿಡುವಿರುವ ವೈದ್ಯ, ಅರ್ಜಿ ಬರೆಯಬಲ್ಲ ನಿವೃತ್ತ ಪ್ರಾಂಶುಪಾಲರು ಇರುವ ಊರು ಸುಲಭವಾಗಿ ಪಾಲು ತೋರಿಸುತ್ತದೆ. ಇವರ್ಯಾರೂ ಇಲ್ಲದ ಬಡ ಊರು, ಕಷ್ಟ ಹೆಚ್ಚಿರುವ ಊರು, ಅರ್ಜಿಯ ಹಂತದಲ್ಲೇ ಹಿಂದೆ ಬೀಳುತ್ತದೆ. ಭಾರತ ಈ ಮಾದರಿಯನ್ನು ನೋಡುವುದಾದರೆ ಮೊದಲು ತಿದ್ದಬೇಕಾದದ್ದು ಇದನ್ನೇ: ಶ್ರೀಮಂತ ಬಡಾವಣೆಯ ನಿವಾಸಿಗಳ ಸಂಘಕ್ಕೂ ಕೊಳೆಗೇರಿಯ ಮಹಿಳಾ ಸಂಘಕ್ಕೂ ಒಂದೇ ಪಾಲು ಕೇಳಬಾರದು.

ಈಗ ಭಾರತದ ಮಾತು. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಶೇ 14.6 ಜನ ಮದ್ಯ ಸೇವಿಸುತ್ತಾರೆ ಎಂಬ ಅಂಕಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ವರದಿಯ ಹೆಚ್ಚು ಕಳವಳದ ಸಾಲು ಬೇರೆ. ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚಿರುವ ಒಂದೇ ಒಂದು ಬಗೆಯ ವಸ್ತುವಿದೆ: ಮೂಸುವಂಥದು. ವೈಟ್ನರ್, ತಿನ್ನರ್, ಪಂಕ್ಚರ್ ಸೊಲ್ಯೂಶನ್, ಪೆಟ್ರೋಲು. ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇ 1.17. ಇದರಿಂದ ಹೊರಬರಲು ನೆರವು ಬೇಕಾದ ಮಕ್ಕಳೇ ಸುಮಾರು 4.6 ಲಕ್ಷ.

ಸಿನ್ಸಿನಾಟಿಯ ಆ ಹುಡುಗನನ್ನು ಕೊಂದದ್ದರಲ್ಲಿ ಇದೂ ಒಂದು. ಇದಕ್ಕೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಅನ್ವಯಿಸುವುದಿಲ್ಲ; ಪಟ್ಟಿಯಲ್ಲಿ ಗಾಂಜಾ, ಅಫೀಮು, ಹೆರಾಯಿನ್ ಇವೆ, ಸೈಕಲ್ ಅಂಗಡಿಯ ಅಂಟು ಇಲ್ಲ, ಇರುವಂತೆಯೂ ಇಲ್ಲ. ದಾಳಿ ಮಾಡಲು ಮಾಫಿಯಾ ಇಲ್ಲ, ವಶಪಡಿಸಿಕೊಂಡು ಮೇಜಿನ ಮೇಲೆ ಹರಡಿ ಫೋಟೋ ತೆಗೆಸಿಕೊಳ್ಳಲು ಸರಕಿಲ್ಲ. ಇರುವುದು ಹಾರ್ಡ್‌ವೇರ್ ಅಂಗಡಿಯವ, ಪಂಕ್ಚರ್ ಹಾಕುವವ, ಸ್ಟೇಷನರಿಯವ, ಮತ್ತು ಕೈಯಲ್ಲಿ ಕರ್ಚೀಪು ಮುದುಡಿ ಹಿಡಿದ ಹುಡುಗ. ಒಂದೇ ಹುಡುಗ ದಿನಕ್ಕೆ ಎರಡು ಟ್ಯೂಬ್ ಕೇಳಿದರೆ ಮೊದಲು ಗೊತ್ತಾಗುವುದು ಅಂಗಡಿಯವನಿಗೆ. ಶಾಲೆ ಬಿಟ್ಟದ್ದು ಗೊತ್ತಾಗುವುದು ಮೇಷ್ಟ್ರಿಗೆ. ಮಲಗುವ ಜಾಗ ಗೊತ್ತಿರುವುದು ರೈಲ್ವೆ ಸ್ಟೇಷನ್ನಿನ ಕೂಲಿಗೆ, ಬಸ್ ಸ್ಟ್ಯಾಂಡಿನ ಚಹಾದವನಿಗೆ. ಈ ನಾಲ್ವರು ತಿಂಗಳಿಗೊಮ್ಮೆ ಒಂದೆಡೆ ಕೂತು ಮಾತಾಡುವ ಏರ್ಪಾಡು ದೇಶದ ಬಹುತೇಕ ಊರುಗಳಲ್ಲಿ ಇಲ್ಲ.

ಕಾಗದದ ಮೇಲೆ ಇಲ್ಲವೆನ್ನಲಾಗದು. ‘ನಶಾ ಮುಕ್ತ ಭಾರತ ಅಭಿಯಾನ’ 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಗಳಿವೆ. ಹದಿಹರೆಯದವರನ್ನೇ ತರಬೇತು ಮಾಡಿ ಅವರ ಗೆಳೆಯರ ನಡುವೆ ಬಿಡುವ ಯೋಜನೆಯಿದೆ, ಹೊರಗೆ ಅಲೆದು ಮಕ್ಕಳನ್ನು ಹುಡುಕುವ ಕೇಂದ್ರಗಳಿವೆ, 14446 ಎಂಬ ಸಹಾಯವಾಣಿಯಿದೆ. ಇವು ಒಳ್ಳೆಯ ಯೋಚನೆಗಳು. ಇವುಗಳಲ್ಲಿ ದುಡಿಯುವವರು ಕಡಿಮೆ ಸಂಬಳಕ್ಕೆ ಕಷ್ಟದ ಕೆಲಸ ಮಾಡುತ್ತಾರೆ. ತೊಡಕಿರುವುದು ಎರಡು ಕಡೆ. ಸಮಿತಿಯಲ್ಲಿ ಕೂರುವವರು ಹೆಚ್ಚಾಗಿ ಇಲಾಖೆಗಳ ಅಧಿಕಾರಿಗಳು. ಅವರಿಗೆ ಇದು ಹತ್ತು ಸಮಿತಿಗಳಲ್ಲಿ ಹನ್ನೊಂದನೆಯದು, ವರ್ಗವಾದರೆ ಮುಗಿಯಿತು. ಹುಡುಗರಿಗೆ, ತಾಯಂದಿರಿಗೆ, ಅಂಗಡಿಯವರಿಗೆ ಅಲ್ಲಿ ಕುರ್ಚಿಯಿಲ್ಲ. ಎರಡನೆಯದು ಅಳತೆ. ಅಭಿಯಾನದ ಸಾಧನೆ ಕೇಳಿದರೆ ಇಷ್ಟು ಕೋಟಿ ಜನರನ್ನು ತಲುಪಿದೆವು, ಇಷ್ಟು ಲಕ್ಷ ಶಾಲಾ ಕಾಲೇಜುಗಳಲ್ಲಿ ಅರಿವು ಮೂಡಿಸಿದೆವು ಎಂಬ ಉತ್ತರ. ತಲುಪಿದ ಮೇಲೆ ಏನಾಯಿತು ಎಂಬ ಕಾಲಂ ನಮೂನೆಯಲ್ಲೇ ಇಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಮಂಜೂರಾಗುವುದು ವರ್ಷದಿಂದ ವರ್ಷಕ್ಕೆ. ಮಾರ್ಚಿಯೊಳಗೆ ಖರ್ಚು ತೋರಿಸಬೇಕಾದವರು ಏನು ಮಾಡುತ್ತಾರೆ? ಜಾಥಾ ಮಾಡುತ್ತಾರೆ. ಅದಕ್ಕೆ ಬಿಲ್ಲು ಸಿಗುತ್ತದೆ, ಫೋಟೋ ಸಿಗುತ್ತದೆ. ಸೈಕಲ್ ಅಂಗಡಿಯವನ ಜೊತೆ ಆರು ತಿಂಗಳು ಚಹಾ ಕುಡಿದು ಅವನ ವಿಶ್ವಾಸ ಗಳಿಸಿದ್ದಕ್ಕೆ ಯಾವ ಲೆಕ್ಕ ಶೀರ್ಷಿಕೆಯಡಿ ವೋಚರ್ ಹಾಕುವುದು?

ಊರೇ ಎದ್ದು ವ್ಯಸನವನ್ನು ಎದುರಿಸುವುದು ಈ ನೆಲಕ್ಕೆ ಹೊಸದೇನಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳು ಕಡಿ ಬೇಡದೆ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗಳ ವಿರುದ್ಧ ಎದ್ದಾಗ ಇಡೀ ಆಂಧ್ರ ಅಲುಗಾಡಿತು. ಸಾಕ್ಷರತಾ ತರಗತಿಯಲ್ಲಿ ಕೂತು ಮಾತಾಡಲು ಕಲಿತದ್ದೇ ಆ ಚಳವಳಿಗೆ ಬೀಜವಾಯಿತೆಂಬುದು ಮರೆಯಬಾರದ ವಿವರ. ಸರ್ಕಾರದ ಸಣ್ಣ ಹಣದಲ್ಲಿ ಜನ ಕೂಡಿ ಕೂರಲು ಒಂದು ಜಾಗ ಸಿಕ್ಕಿತ್ತು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಕಟ್ಟಿದ ಟಿಟಿಕೆ ಆಸ್ಪತ್ರೆ ಮಂಜಕ್ಕುಡಿಯಂಥ ಹಳ್ಳಿಗೇ ಹೋಗಿ, ಊರವರ ನೆರವಿನಲ್ಲೇ ಕುಡಿತ ಬಿಡಿಸುವ ಶಿಬಿರ ನಡೆಸಿತು. ಪುಣೆಯಲ್ಲಿ ಅನಿತಾ ಮತ್ತು ಅನಿಲ ಅವಚಟ 1986ರಲ್ಲಿ ಆರಂಭಿಸಿದ ಮುಕ್ತಾಂಗಣದ ಬೆನ್ನಿಗೆ ಪು.ಲ. ದೇಶಪಾಂಡೆ, ಸುನೀತಾ ದೇಶಪಾಂಡೆ ನಿಂತರು.

ಆದರೆ ಈ ಪರಂಪರೆಗೆ ಎರಡು ಮಿತಿಗಳಿವೆ. ಒಂದು, ಇವು ಬಹುಪಾಲು ಈಗಾಗಲೇ ಕುಡಿಯುತ್ತಿರುವ ಗಂಡಸರನ್ನು ಕುರಿತವು. ಇನ್ನೂ ಮುಟ್ಟದ ಹನ್ನೆರಡರ ಮಗುವನ್ನಲ್ಲ. ಎರಡು, ಒಬ್ಬ ಸ್ವಾಮಿಯ, ಒಬ್ಬ ವೈದ್ಯೆಯ, ಒಂದು ಊರಿನ ರೊಚ್ಚಿನ ಬಲದಿಂದ ನಡೆದವು. ಜೋಳಿಗೆಯನ್ನು ಹೆಗಲಿಗೆ ಹಾಕಿಕೊಳ್ಳುವವರು ಇಲ್ಲವಾದರೆ ಉಳಿಯುವುದು ದಿನಾಚರಣೆ. ಸರ್ಕಾರದ ಹಣ ಮಾಡಬಹುದಾದ ಒಂದೇ ದೊಡ್ಡ ಉಪಕಾರವೆಂದರೆ ಇಂಥ ಕೆಲಸವನ್ನು ಮಹಾತ್ಮರ ಹೆಗಲಿಂದ ಇಳಿಸಿ, ಸಂಬಳ ಪಡೆಯುವ ಸಾಧಾರಣ ಮನುಷ್ಯನೊಬ್ಬನ ದಿನನಿತ್ಯದ ಕೆಲಸವಾಗಿಸುವುದು.

ಇದಕ್ಕೆ ಬರುವ ಗಂಭೀರ ಆಕ್ಷೇಪವೊಂದಿದೆ. ಸಮುದಾಯ ಎಂದ ಕೂಡಲೇ ಒಳ್ಳೆಯದೆಂದು ನಂಬಬೇಕಿಲ್ಲ. ಇಂಥ ಒಕ್ಕೂಟದ ಕೈಗೆ ಹಣವೂ ಸರ್ಕಾರದ ಮುದ್ರೆಯೂ ಸಿಕ್ಕರೆ ಅದು ಪಾರ್ಕಿನಲ್ಲಿ ಕೂತ ಹುಡುಗ ಹುಡುಗಿಯರನ್ನು ಎಬ್ಬಿಸುವ, ಬಾಡಿಗೆಗೆ ಬಂದ ಹೊರರಾಜ್ಯದ ಹುಡುಗರ ಕೋಣೆ ತಟ್ಟುವ, ಒಂದು ಕೇರಿಯ ಕಡೆಗೇ ಬೆರಳು ತೋರಿಸುವ ಪಡೆಯಾಗಲು ಎಷ್ಟು ಹೊತ್ತು? ಆಕ್ಷೇಪ ನಿಜ, ಉದಾಹರಣೆಗೆ ದೂರ ಹೋಗಬೇಕಿಲ್ಲ. ಅದಕ್ಕೇ ನಿಯಮಗಳು ಮುಖ್ಯ. ಮಕ್ಕಳ ಹೆಸರು ಒಕ್ಕೂಟದ ಯಾವ ಕಾಗದದಲ್ಲೂ ಬರಕೂಡದು. ಒಕ್ಕೂಟಕ್ಕೆ ತಿಳಿದದ್ದು ಠಾಣೆಗೆ ಹೋಗುವ ದಾರಿ ಇರಕೂಡದು. ಗಾಂಜಾ ಸೇದಿದ್ದೂ ಎನ್‌ಡಿಪಿಎಸ್ ಪ್ರಕಾರ ಶಿಕ್ಷಾರ್ಹವೇ, ಆದರೆ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡುವ 64ಎ ಎಂಬ ಕಲಮು ಅದರಲ್ಲೇ ಇದೆ. ಇನ್ನೊಂದೆಡೆ, ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಸಜೆಯೆಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಹೇಳುತ್ತದೆ. ಹೀಗೆ ಕಾನೂನಿನ ಮುನಿಸು ಮಾರುವವರ ಕಡೆಗೆ ತಿರುಗಿದೆ, ಮಗುವಿನ ಕಡೆಗಲ್ಲ ಎಂಬುದು ಎಷ್ಟು ತಾಯಂದಿರಿಗೆ ಗೊತ್ತು? ಗೊತ್ತಿಲ್ಲದ್ದರಿಂದಲೇ ಮಗನ ಬ್ಯಾಗಿನಲ್ಲಿ ಸಿಕ್ಕಿದ್ದನ್ನು ಶೌಚಾಲಯಕ್ಕೆ ಸುರಿದು ಬಾಯಿ ಮುಚ್ಚಿಕೊಳ್ಳುತ್ತಾರೆ. ಒಂದು ಒಕ್ಕೂಟ ವರ್ಷವಿಡೀ ಬೇರೇನೂ ಮಾಡದೆ ಈ ಭಯವನ್ನಷ್ಟೇ ಇಳಿಸಿದರೂ ಹಣ ವಸೂಲು.

ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗರಿಗೆ ಇಂಥ ಏರ್ಪಾಡು ಅಪರಿಚಿತವೇನಲ್ಲ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದ ಹುಡುಗರು ಸಂಜೆ ಪಾಟಿಚೀಲ ಹಿಡಿದು ಹೋದ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಹೆಸರಿನಲ್ಲಿ ಅಕ್ಷರವಿದ್ದರೂ, ಅವು ಮಾಡಿದ ಇನ್ನೊಂದು ಕೆಲಸ ಮನೆ ಬಿಟ್ಟು ಬಂದ ಹದಿಮೂರರ ಹುಡುಗನ ಸಂಜೆಯನ್ನು ಕಾಯ್ದದ್ದು. ಕೆಲಸ ಮುಗಿದ ಮೇಲಿನ ಎರಡು ಮೂರು ಗಂಟೆ ಎಲ್ಲಿ, ಯಾರ ಜೊತೆ ಎಂಬುದೇ ಅರ್ಧ ಪ್ರಶ್ನೆ. ಐಸ್‌ಲ್ಯಾಂಡ್ ಇದನ್ನೇ ಸರ್ಕಾರದ ಹಣದಲ್ಲಿ ದೊಡ್ಡದಾಗಿ ಮಾಡಿತು. ಮಕ್ಕಳಿಗೆ ಆಟ, ಸಂಗೀತದ ತರಗತಿಗೆ ನೆರವು, ಪಾಲಕರ ಒಪ್ಪಂದಗಳು, ವರ್ಷ ವರ್ಷ ಸಮೀಕ್ಷೆ. 1998ರಲ್ಲಿ ಅಲ್ಲಿನ ಹದಿನೈದು ಹದಿನಾರರ ಮಕ್ಕಳಲ್ಲಿ ಶೇ 42 ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದೆವು ಎಂದಿದ್ದರು. 2016ರಲ್ಲಿ ಶೇ 5. ಪುಟ್ಟ ದೇಶ, ಹಣವಿರುವ ದೇಶ ಎಂಬುದು ಸರಿ. ಸಂಜೆಯ ಹೊತ್ತು ಮಾತ್ರ ಎಲ್ಲ ದೇಶದಲ್ಲೂ ಅಷ್ಟೇ ಉದ್ದ.

ಹಣವೆಲ್ಲಿದೆ ಎಂಬ ಮಾತಿಗೆ ಕರ್ನಾಟಕದ ಲೆಕ್ಕವನ್ನೇ ನೋಡಬಹುದು. ರಾಜ್ಯದಲ್ಲಿ ಸುಮಾರು 240 ತಾಲ್ಲೂಕುಗಳಿವೆ. ಒಂದೊಂದಕ್ಕೆ ಒಬ್ಬ ಸಂಯೋಜಕ, ತಿಂಗಳಿಗೆ ₹40,000 ಸಂಬಳ, ಸಮೀಕ್ಷೆ ಮತ್ತು ಓಡಾಟಕ್ಕೆ ಉಳಿದದ್ದು ಎಂದು ವರ್ಷಕ್ಕೆ ₹10 ಲಕ್ಷ ಇಟ್ಟರೆ ಒಟ್ಟು ₹24 ಕೋಟಿ. 2025-26ರ ಬಜೆಟ್ಟಿನಲ್ಲಿ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ್ದು ₹40,000 ಕೋಟಿ, ಅಂದರೆ ದಿನಕ್ಕೆ ಹತ್ತಿರ ಹತ್ತಿರ ₹110 ಕೋಟಿ. ಇಡೀ ರಾಜ್ಯದ ಒಕ್ಕೂಟಗಳ ವರ್ಷದ ಖರ್ಚು ಅಬಕಾರಿಯ ಐದು ಗಂಟೆ ಚಿಲ್ಲರೆಯ ವರಮಾನ. ಹತ್ತು ವರ್ಷ ಕೊಟ್ಟರೂ ಎರಡು ದಿನ ಮತ್ತು ಒಂದಿಷ್ಟು ಗಂಟೆ.

ಹಣಕ್ಕಿಂತ ಕಷ್ಟವಾಗುವುದು ಬಹುಶಃ ಮೊದಲ ಸಮೀಕ್ಷೆ. ಹೆಸರಿಲ್ಲದ ಪ್ರಶ್ನಾವಳಿಯನ್ನು ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಮುಂದಿಡಬೇಕಾದರೆ ಮುಖ್ಯೋಪಾಧ್ಯಾಯರ ಸಹಿ ಬೇಕು. ನಮ್ಮ ಶಾಲೆಯಲ್ಲಿ ಅಂಥ ಮಕ್ಕಳಿಲ್ಲ ಎಂದು ಹೇಳುವುದು ಅವರಿಗೆ ಸುಲಭ, ಆಡಳಿತ ಮಂಡಳಿಗೆ ಇನ್ನೂ ಸುಲಭ; ಅಂಕಿ ಹೊರಬಿದ್ದರೆ ಮುಂದಿನ ವರ್ಷದ ಅಡ್ಮಿಶನ್ ಏನಾಗಬೇಕು? ಆದ್ದರಿಂದ ಅನುದಾನದ ಕಾಗದದಲ್ಲೇ ಇದನ್ನು ಬರೆಯಬೇಕು: ಅಂಕಿಗಳು ತಾಲ್ಲೂಕಿನ ಲೆಕ್ಕದಲ್ಲಿ ಮಾತ್ರ ಪ್ರಕಟವಾಗುತ್ತವೆ, ಯಾವ ಶಾಲೆಯ ಹೆಸರೂ ಬರುವುದಿಲ್ಲ, ಸರ್ಕಾರಿ ಶಾಲೆಯಷ್ಟೇ ಖಾಸಗಿ ಶಾಲೆಯೂ ಸೇರಬೇಕು, ಮತ್ತು ಎರಡು ವರ್ಷದ ಬಳಿಕ ಅದೇ ಪ್ರಶ್ನೆಗಳನ್ನು ಅದೇ ತರಗತಿಗಳಲ್ಲಿ ಮತ್ತೆ ಕೇಳಲಾಗುತ್ತದೆ.